ಕಂಪೈಲರ್ ಯಾವುದು ಅಂತ ಕೇಳಿದ್ದು ಯಾರು?

ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಮೊದಲು ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಓಡುತ್ತದೆ. ಇಲ್ಲಿರುವ ಕಂಪೈಲರ್ ಯಾವುದು ಅಂತ ಪತ್ತೆ ಮಾಡೋದು ಅದರ ಮೊದಲ ಕೆಲಸಗಳಲ್ಲೊಂದು. ಪುಟ್ಟ ಪ್ರೋಗ್ರಾಂ ಕೊಟ್ಟು, ಗುರುತಿನ ಮ್ಯಾಕ್ರೋ ಮೂಲಕ ‘ನೀನು ಜಿಸಿಸಿನಾ?’ ಎಂದು ಕೇಳುತ್ತದೆ. ತಮಾಷೆಯೆಂದರೆ, ಕ್ಲ್ಯಾಂಗ್ ಎಂಬ ಬೇರೆಯದೇ ಕಂಪೈಲರ್ ಕೂಡ ‘ಹೌದು’ ಅನ್ನುತ್ತದೆ, ಜಿಸಿಸಿಗೆಂದು ಬರೆದ ಕೋಡ್ ತನ್ನಲ್ಲೂ ನಡೆಯಲಿ ಅಂತ.

2024ರಲ್ಲಿ ಎಕ್ಸ್‌ಝಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟವರು ಬಳಸಿಕೊಂಡದ್ದು ಇದೇ ಹಂತವನ್ನು. ಅವರ ಸ್ಕ್ರಿಪ್ಟ್ ಆ ‘ಹೌದು’ ಒಂದನ್ನೇ ನಂಬಲಿಲ್ಲ, ಕಂಪೈಲರ್‌ನ ಹೆಸರನ್ನೂ ನೋಡಿತು. ಜಿಸಿಸಿ ಅಲ್ಲವಾದರೆ ಸದ್ದಿಲ್ಲದೆ ವಾಪಸ್. 64 ಬಿಟ್ ಲಿನಕ್ಸ್‌ಗೆ ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುತ್ತಿದ್ದರೆ ಮಾತ್ರ ದಾಳಿ. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಲಾಗಿನ್ ಅರ್ಧ ಸೆಕೆಂಡ್ ತಡವಾಗಿದ್ದೇಕೆ ಅಂತ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಇದು ಸಿಕ್ಕಿಬಿತ್ತು.

ಹಾಗಾಗಿ ‘ಓಪನ್ ಸೋರ್ಸ್ ಅಂದ್ರೆ ಸುರಕ್ಷಿತ’ ಎಂಬುದು ಅರ್ಧಸತ್ಯ. ಕೋಡ್ ತೆರೆದಿಟ್ಟರೆ ಸಾಲದು, ಅದನ್ನು ಕಟ್ಟುವ ಹಂತವನ್ನೂ ಯಾರಾದರೂ ಓದಬೇಕು. ಸರ್ಕಾರಿ ಆ್ಯಪ್‌ಗಳ ಕೋಡ್ ಕೊಡಿ ಅಂತ ಕೇಳುವಾಗ, ಬಿಲ್ಡ್ ಸ್ಕ್ರಿಪ್ಟನ್ನೂ ಕೇಳೋಣ.