ಕರಿನರದ ಹೇನಿನ ಎರಡು ಕುಲ

ಹಿತ್ತಲಿನ ಬಾಳೆಯ ಹೊರಪಟ್ಟೆಯನ್ನು ಮೆಲ್ಲನೆ ಸರಿಸಿ ನೋಡಿದರೆ, ಬುಡದ ಬಳಿ ಎಳ್ಳಿಗಿಂತ ಕಿರಿದಾದ ಕಂದು ಹುಳುಗಳು ಗುಂಪುಗೂಡಿ ಕುಳಿತಿರುವುದುಂಟು. ಇವು ಸಸ್ಯಹೇನುಗಳು. ತಲೆಯ ಹೇನಿಗೂ ಇವಕ್ಕೂ ನಂಟಿಲ್ಲ, ಗೃಹಿಣಿಯರು ಬೆಚ್ಚಬೇಕಾಗಿಲ್ಲ! ಸೂಜಿಯಂಥ ಮೂತಿಯನ್ನು ನೆಟ್ಟು ರಸ ಹೀರುವುದು, ಗಂಡಿನ ಹಂಗಿಲ್ಲದೆ ಮರಿ ಹಾಕುವುದು, ಇಷ್ಟೇ ಇವುಗಳ ಬಾಳು. ಆದರೆ ಬಾಳೆಯ ಎಲೆಗಳನ್ನು ತುದಿಯಲ್ಲಿ ಗೊಂಚಲಾಗಿಸಿ ಗೊನೆಯನ್ನೇ ಕೆಡಿಸುವ ರೋಗವನ್ನು ಹರಡುವುದು ಇದೇ ಹೇನೆಂದು 1927ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ಮಗೀ ತೋರಿಸಿಕೊಟ್ಟರು.

ಇದನ್ನು ಮೊದಲು ವರ್ಣಿಸಿದವರು ಫ್ರೆಂಚ್ ನೌಕಾದಳದ ವೈದ್ಯ ಕೊಕೆರೆಲ್. ರಿಯೂನಿಯನ್ ದ್ವೀಪದ ಬಾಳೆಯಲ್ಲಿ ಕಂಡ ಹೇನಿಗೆ ಅವರು 1859ರಲ್ಲಿ ಇಟ್ಟ ಹೆಸರು ಪೆಂಟಲೋನಿಯ ನೈಗ್ರೊನರ್ವೋಸ. ಎಂದರೆ ರೆಕ್ಕೆಯ ನರ ಕಪ್ಪಾದುದು. 1917ರಲ್ಲಿ ಜಾವಾದ ಹೇನುಗಳನ್ನು ಕುರಿತು ಬರೆದ ವಾನ್ ಡರ್ ಗೂಟ್ ಇನ್ನೊಂದು ಜಾತಿಯನ್ನು ಸಾರಿದರು. ನಮ್ಮ ಜಗಲಿಯ ಕುಂಡಗಳಲ್ಲಿ ಬಣ್ಣದೆಲೆ ಬಿಚ್ಚುವ ಕೆಲೇಡಿಯಂ ಗಿಡದ ಹೆಸರನ್ನೇ ಅದಕ್ಕೆ ಕೊಟ್ಟು, 'ಕೆಲೇಡಿಯೈ' ಎಂದರು.

ಪಂಡಿತರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಅವರ ಸಂಶಯ ನ್ಯಾಯವಾದುದೇ. ಉಣ್ಣುವ ಗಿಡ, ಹವೆಯ ಬಿಸಿ ಬದಲಾದರೆ ಒಬ್ಬಳೇ ತಾಯಿಯ ಸಂತತಿಯಲ್ಲೂ ಅಳತೆ, ಬಣ್ಣ ಬೇರೆಯಾಗಬಹುದು. ಕೆಸುವಿನ ಮೇಲೆ ಬೆಳೆದ ಬಾಳೆಯ ಹೇನನ್ನೇ ಹೊಸ ಜಾತಿಯೆಂದು ಭ್ರಮಿಸಿದರೋ? ಹೀಗಾಗಿ ಎರಡನ್ನೂ ಒಂದೇ ಹೆಸರಿನಡಿ ತಂದು, 'ಕೆಲೇಡಿಯೈ' ಬರಿಯ ಒಂದು ರೂಪಭೇದವೆಂದರು.

ನಮ್ಮ ಮಲೆನಾಡಿಗೂ ಈ ವಿವಾದ ತಟ್ಟದೆ ಇರಲಿಲ್ಲ. ಏಲಕ್ಕಿಯನ್ನು ಕಾಡುವ ಕಟ್ಟೆರೋಗ ಹೇನಿನಿಂದ ಹರಡುವುದೆಂದು 1945ರಲ್ಲಿ ಪ್ರಕಟವಾದಾಗ, ಅಪರಾಧಿಯ ಹೆಸರು ದಾಖಲಾದುದು ಬಾಳೆಯ ಹೇನೆಂದೇ. ಹಾಗಾದರೆ ಏಲಕ್ಕಿ ತೋಟದ ಅಂಚಿನ ಬಾಳೆಯನ್ನು ಕಡಿಯಬೇಕೆ, ಕೆಸುವನ್ನು ಕೀಳಬೇಕೆ?

ಉತ್ತರ ಬಂದುದು 2010ರಲ್ಲಿ. ಕೆನಡದ ಫುಟಿಟ್ ಮತ್ತು ಸಂಗಡಿಗರು ಬೇರೆ ಬೇರೆ ಗಿಡಗಳ ಹೇನುಗಳನ್ನು ತಂದು ಸೂಕ್ಷ್ಮದರ್ಶಕದಡಿ ಅಂಗಾಂಗಗಳ ಉದ್ದ ಅಳೆದರು. ಅಳತೆಯೊಂದೇ ಹಳೆಯ ಜಗಳವನ್ನು ತೀರಿಸಲಾರದು. ಆದುದರಿಂದ ಜೀವಕೋಶದ ಡಿಎನ್‌ಎಯನ್ನೂ ಹೋಲಿಸಿದರು. ಊಟದಿಂದ ದೇಹ ಮಾರ್ಪಡಬಹುದು, ವಂಶಾವಳಿ ಮಾರ್ಪಡದು. ಎರಡು ಸಾಕ್ಷ್ಯಗಳೂ ಒಂದೇ ಮಾತು ಹೇಳಿದವು: ಬಾಳೆಯದು ಒಂದು ಕುಲ, ಕೆಸು, ಶುಂಠಿ, ಏಲಕ್ಕಿಗಳ ಬಳಗದ್ದು ಇನ್ನೊಂದು. ಹೊಸ ಹೆಸರು ಹುಡುಕುವ ಶ್ರಮವೂ ಇರಲಿಲ್ಲ. 93 ವರ್ಷ ಹಿಂದೆ ವಾನ್ ಡರ್ ಗೂಟ್ ಕೊಟ್ಟ ಹೆಸರೇ ಮರಳಿ ಪಟ್ಟವೇರಿತು.

ಆದರೂ ಕೆಸುವಿನ ಹೇನು ಬಾಳೆಗೆ ನಿರಪಾಯವೆಂದು ನಂಬುವಂತಿಲ್ಲ. ಮುಂದೆ ನಡೆಸಿದ ಪ್ರಯೋಗಗಳಲ್ಲಿ ಅದೂ ಬಾಳೆಯ ಗೊಂಚಲುರೋಗವನ್ನು ಒಯ್ದು ಅಂಟಿಸಬಲ್ಲುದೆಂದು ಕಂಡುಬಂದಿದೆ.