ಫ್ಯಾನಿನ ರೆಕ್ಕೆಯ ಮೇಲೊಂದು ಹೆಸರು

ಬೆಳಗ್ಗೆ ನಾಡಗೀತೆ ಮುಗಿದು ಸಾಲು ಚದುರುವಷ್ಟರಲ್ಲಿ ಇನ್ನೊಂದು ಸಾಲು ಕಟ್ಟುತ್ತದೆ. ಮೈಸೂರಿನ ಹಳೆಯ ಬಡಾವಣೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. ಹೆಂಚಿನ ಮಾಡು, ಅಂಗಳದಲ್ಲೊಂದು ಹೊಂಗೆ ಮರ, ಕಾಂಪೌಂಡಿನಾಚೆ ಚಾಮುಂಡಿ ಬೆಟ್ಟದ ನೀಲಿ ಬೆನ್ನು. ಅಡುಗೆ ಕೋಣೆಯ ಬಾಗಿಲಲ್ಲಿ ಸ್ಟೀಲ್ ಲೋಟ ಹಿಡಿದ ಮಕ್ಕಳು ಒಬ್ಬರನ್ನೊಬ್ಬರು ನೂಕುತ್ತಾ ನಿಂತಿದ್ದಾರೆ. ಗಾರೆ ಕೆಲಸಕ್ಕೆಂದು ಊರು ಬಿಟ್ಟು ಬಂದವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಮನೆಗೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು. ಸಾಲಿನಲ್ಲಿ ಉರ್ದು, ತಮಿಳು, ತೆಲುಗು ಎಲ್ಲವೂ ಕೇಳಿಸುತ್ತವೆ. ಸೌಟು ಹಿಡಿದ ಅಮ್ಮನ ಹತ್ತಿರ ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಕನ್ನಡ: ‘ಇನ್ನೂ ಸ್ವಲ್ಪ ಹಾಕಿ.’

ಪಾತ್ರೆಯಲ್ಲಿ ಹಬೆಯಾಡುತ್ತಿರುವುದು ರಾಗಿ ಮಾಲ್ಟ್. ಹಾಲು 2013ರಲ್ಲಿ ಶುರುವಾದ ಸರ್ಕಾರದ ಕ್ಷೀರಭಾಗ್ಯ ಯೋಜನೆಯದ್ದು. ಅದಕ್ಕೆ ಬೆರೆಸುವ ರಾಗಿಪುಡಿ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನದ್ದು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹೀಗೆ ಸರ್ಕಾರದ ಹಾಲೂ ಟ್ರಸ್ಟಿನ ರಾಗಿಯೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿವೆ. ಕುಡಿದು ಮುಗಿಸಿದ ಹುಡುಗನೊಬ್ಬ ಮೇಲ್ತುಟಿಯ ಕಂದು ಮೀಸೆಯನ್ನು ತೋಳಿನಿಂದ ಒರೆಸಿಕೊಂಡು ತರಗತಿಗೆ ಓಡುತ್ತಾನೆ.

ಅವನ ಹಿಂದೆಯೇ ಒಳಗೆ ಹೋದರೆ ಗೋಡೆಯ ತುಂಬ ಹೆಸರುಗಳು. ಕುಡಿಯುವ ನೀರಿನ ಫಿಲ್ಟರಿನ ಮೇಲೆ ರೋಟರಿಯ ಚಕ್ರ. ಬೆಂಚಿನ ಬೆನ್ನಿಗೆ ಹಳೆಯ ವಿದ್ಯಾರ್ಥಿಗಳ ಬಳಗ. ಬೀರುವಿನ ಬಾಗಿಲ ಮೇಲೆ ಯಾರದೋ ತಂದೆತಾಯಿಯ ಜ್ಞಾಪಕಾರ್ಥ. ತಲೆ ಎತ್ತಿದರೆ ಫ್ಯಾನು. ಅದರ ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು. ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ. ಕರೆಂಟು ಹೋದಾಗಲೇ ಮಕ್ಕಳು ಅಕ್ಷರ ಕೂಡಿಸಿ ಅದನ್ನು ಓದುವುದು. ಶಿಕ್ಷಕರ ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಅಕ್ಕಿ, ಬೇಳೆ ಎಲ್ಲವೂ ಸರ್ಕಾರದ್ದೇ. ಅದರ ಹೆಸರು ಇರುವುದು ಗೇಟಿನ ಕಮಾನಿನ ಮೇಲೆ ಮಾತ್ರ.

ದಾನಿಯನ್ನು ಶಾಲೆಯ ಬಾಗಿಲಿಗೆ ತರುವ ದಾರಿಗಳು ಹಲವು. ಕೆಲವರು ತಾವು ಓದಿದ ಶಾಲೆಯ ಋಣ ತೀರಿಸಲು ಬರುತ್ತಾರೆ. ಕಂಪನಿಗಳನ್ನು ಕಾನೂನೇ ಕಳಿಸುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಬಾಗಿಲ ಈಚೆ ಬರಮಾಡಿಕೊಳ್ಳಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವಂತೆ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆದರೆ ದಾನಿ ಬರುವ ದಿನ ಈ ಪೋಷಕರಲ್ಲಿ ಹಲವರು ಕೂಲಿಗೆ ಹೋಗಿರುತ್ತಾರೆ. ಹಾರ, ಶಾಲು, ಫೋಟೋಗಳ ನಡುವೆ ‘ಇದು ನಮಗೆ ಬೇಕೇ’ ಎಂದು ಕೇಳಬಲ್ಲವರು ಮುಖ್ಯಶಿಕ್ಷಕರೊಬ್ಬರೇ. ಅವರೂ ಸಂಕೋಚಕ್ಕೆ ಕೇಳುವುದಿಲ್ಲ.

ಮೈಸೂರಿಗೆ ಈ ಕೊಡುಕೊಳ್ಳುವಿಕೆ ಹೊಸದಲ್ಲ. ಹೆಣ್ಣುಮಕ್ಕಳನ್ನು ಮನೆಯಿಂದಾಚೆ ಕಳಿಸಲು ಊರು ಹಿಂಜರಿಯುತ್ತಿದ್ದ ಕಾಲದಲ್ಲಿ, 1881ರಲ್ಲಿ, ಎ. ನರಸಿಂಹ ಅಯ್ಯಂಗಾರ್ ಅರಮನೆಯ ಆಸರೆಯಿಂದ ಮಹಾರಾಣಿ ಬಾಲಕಿಯರ ಶಾಲೆ ತೆರೆದರು. ಮುಂದೆ ಅದನ್ನು ಸರ್ಕಾರವೇ ವಹಿಸಿಕೊಂಡಿತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಡಲು ಇದೇ ಊರಿನಲ್ಲಿ ಶುರು ಮಾಡಿದ ಪುಟ್ಟ ವಿದ್ಯಾರ್ಥಿನಿಲಯ 1954ರ ಹೊತ್ತಿಗೆ ಜೆಎಸ್‌ಎಸ್ ಮಹಾವಿದ್ಯಾಪೀಠವಾಗಿ ಬೆಳೆಯಿತು. ಧರ್ಮದ ದುಡ್ಡು ಬೀಜ ಹಾಕುವುದು, ಸರ್ಕಾರ ನೀರೆರೆಯುವುದು ಇಲ್ಲಿನ ವಾಡಿಕೆಯೇ.

ವಾಡಿಕೆ ತಪ್ಪಿದ ಉದಾಹರಣೆಯೂ ಆ ಮಹಾರಾಣಿ ಶಾಲೆಯ ಪರಂಪರೆಯಲ್ಲೇ ಇದೆ. ಆ ಪರಂಪರೆಗೆ ಸೇರಿದ, ನಾರಾಯಣಶಾಸ್ತ್ರಿ ರಸ್ತೆಯಲ್ಲಿದ್ದ ಎನ್‌ಟಿಎಂ ಎಂಬ ಕನ್ನಡ ಶಾಲೆಯ ಪಕ್ಕದಲ್ಲೇ ನಿರಂಜನ ಮಠ. 1892ರಲ್ಲಿ ಮೈಸೂರಿಗೆ ಬಂದ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರೆಂಬ ಪ್ರತೀತಿ. ಮಠ, ಶಾಲೆಗಳ ಜಾಗದಲ್ಲಿ ಅವರ ಸ್ಮಾರಕ ಕಟ್ಟಬೇಕೆಂದು ರಾಮಕೃಷ್ಣ ಆಶ್ರಮ, ಕನ್ನಡ ಶಾಲೆ ಉಳಿಯಬೇಕೆಂದು ಕನ್ನಡ ಹೋರಾಟಗಾರರು. ವರ್ಷಗಟ್ಟಲೆ ಧರಣಿ, ನ್ಯಾಯಾಲಯ ಎಲ್ಲ ಆಗಿ ಕೊನೆಗೆ 2022ರಲ್ಲಿ ಶಾಲೆಯ ಕಟ್ಟಡ ನೆಲಕ್ಕುರುಳಿತು. ಎರಡೂ ಕಡೆ ಇದ್ದವರು ಶಿಕ್ಷಣದ ಹೆಸರನ್ನೇ ಹೇಳುತ್ತಿದ್ದರು. ಬೆಂಚು, ಫ್ಯಾನುಗಳ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ನೆಲದ ಮಾತು ಬಂದಾಗ ಶಾಲೆ ಯಾರದ್ದು ಎಂಬ ಪ್ರಶ್ನೆ ಎದ್ದು ಕೂರುತ್ತದೆ.

ತಟ್ಟೆಯ ಮಾತು ಬಂದಾಗಲೂ ಹಾಗೆಯೇ. ಮಧ್ಯಾಹ್ನದ ಗಂಟೆಗೆ ಮುಂಚೆ ನಗರದ ಅನೇಕ ಶಾಲೆಗಳ ಮುಂದೆ ಅಕ್ಷಯಪಾತ್ರೆಯ ವ್ಯಾನು ನಿಲ್ಲುತ್ತದೆ. 2000ದ ಜೂನ್‌ನಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದ ಸಂಸ್ಥೆ ಅದು. ಧಾನ್ಯ ಮತ್ತು ತಲೆಗಿಷ್ಟು ಎಂಬಂತೆ ಅಡುಗೆಯ ವೆಚ್ಚ ಸರ್ಕಾರದ್ದು, ಮಿಕ್ಕದ್ದು ದಾನಿಗಳದ್ದು. ಸ್ಟೀಲ್ ಪಾತ್ರೆಗಳು ಠಣ್ಣೆಂದು ಇಳಿಯುತ್ತವೆ. ಅನ್ನ, ಬಿಸಿ ಸಾಂಬಾರು. ಸಾಂಬಾರಿನಲ್ಲಿ ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಹಾಕಿ ಎಂದು ಸರ್ಕಾರ ಹಿಂದೊಮ್ಮೆ ಕೇಳಿದಾಗ ಸಂಸ್ಥೆ ತನ್ನ ಆಚಾರ ಬಿಡಲೊಪ್ಪಲಿಲ್ಲ. ಪೌಷ್ಟಿಕತೆಗೆ ಕೊರತೆಯಿಲ್ಲವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು. ಮನೆಯ ರುಚಿ ಇಲ್ಲದಿದ್ದರೆ ಮಕ್ಕಳು ತಟ್ಟೆಯಲ್ಲೇ ಬಿಡುತ್ತಾರೆಂದು ಆಹಾರ ಹಕ್ಕಿನ ಹೋರಾಟಗಾರರು ಹೇಳಿದರು.

ಆ ವ್ಯಾನಿನಲ್ಲಿ ಮೊಟ್ಟೆ ಬರುವುದಿಲ್ಲ. ಅದು ಬೇರೆ ದಾರಿಯಲ್ಲಿ ಬರುತ್ತದೆ. ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ. 2024ರ ಸೆಪ್ಟೆಂಬರ್‌ನಿಂದ ಉಳಿದ ನಾಲ್ಕು ದಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದ್ದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಅಡುಗೆ ಕೋಣೆಯ ಜಗಲಿಯ ಮೇಲೆ ಇಬ್ಬರು ಅಮ್ಮಂದಿರು ಬೇಯಿಸಿದ ಮೊಟ್ಟೆಯ ಬೋಗುಣಿಯನ್ನು ನಡುವೆ ಇಟ್ಟುಕೊಂಡು ಕೂತಿದ್ದಾರೆ. ಒಂದನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿ, ಅಂಗೈಯಲ್ಲಿ ಉರುಳಿಸಿ, ತಣ್ಣೀರಿಗೆ ಅದ್ದಿ, ಹೆಬ್ಬೆರಳಿನಿಂದ ಒಂದೇ ಸಲಕ್ಕೆ ಸಿಪ್ಪೆ ಸರಿಸಬೇಕು. ಅವಸರ ಮಾಡಿದರೆ ಬಿಳಿಯೂ ಕಿತ್ತು ಬರುತ್ತದೆ. ಹರಿದ ಮೊಟ್ಟೆಯನ್ನು ಮಕ್ಕಳು ಬೇಡವೆನ್ನುತ್ತಾರೆ. ಬಿಸಿಗೆ ಬೆರಳ ತುದಿ ಕೆಂಪಾಗಿದೆ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ 2024ರಲ್ಲಿ ಮೊಟ್ಟೆಗೆ ಕಟ್ಟಿದ ದರ 6 ರೂಪಾಯಿ. ಅಂಗಡಿಯಲ್ಲಿ ಬೆಲೆ ಅದಕ್ಕಿಂತ ಏರಿದ ದಿನ ವ್ಯತ್ಯಾಸ ತುಂಬುವ ಚಿಂತೆ ಮುಖ್ಯಶಿಕ್ಷಕರದ್ದು. ಈ ಅಮ್ಮಂದಿರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2025–26ರ ರಾಜ್ಯ ಬಜೆಟ್ಟಿನಲ್ಲಿ ಅದಕ್ಕೆ ತಿಂಗಳಿಗೆ 1,000 ರೂಪಾಯಿ ಸೇರಿಸಿದ್ದೇ ದೊಡ್ಡ ಸುದ್ದಿಯಾಯಿತು.

ಊಟದ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮೊದಲು ಬಿಳಿ ಭಾಗವನ್ನು ಸುತ್ತಲೂ ಕಚ್ಚಿ ಮುಗಿಸಿ, ಹಳದಿ ಉಂಡೆಯನ್ನು ತಟ್ಟೆಯ ಅಂಚಿನಲ್ಲಿ ಕೊನೆಗೆಂದು ಕಾಪಾಡುತ್ತಾಳೆ. ಪಕ್ಕದವನು ಬಾಳೆಹಣ್ಣು ಸುಲಿಯುತ್ತಾ ಅದನ್ನೇ ನೋಡುತ್ತಾನೆ. ಇಬ್ಬರಿಗೂ ದುಡ್ಡು ಯಾರದ್ದೆಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ದೊಡ್ಡವರಿಗೆ ಮಾತ್ರ ಗೊತ್ತಿರಬೇಕು. ಕಂಪನಿ ಕೊಟ್ಟ ಕಂಪ್ಯೂಟರಿನ ಬ್ಯಾಟರಿ ಸತ್ತರೆ ಬದಲಿಸುವವರು ಯಾರು? ಫಿಲ್ಟರಿನ ಕ್ಯಾಂಡಲ್ ತೊಳೆಯುವುದು ಯಾರ ಕೆಲಸ? ಉದ್ಘಾಟನೆಗೆ ರಿಬ್ಬನ್ ಇದೆ, ರಿಪೇರಿಗೆ ಇಲ್ಲ. ಆದ್ದರಿಂದ ಕೊಡುಗೆಗೆ ಕೈಯೊಡ್ಡುವ ಮೊದಲು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು: ಇದನ್ನು ನಡೆಸುವ ಖರ್ಚು ಯಾರದ್ದು, ಎಲ್ಲಿಯವರೆಗೆ? ಟ್ರಸ್ಟು ತನ್ನ ಮನಸ್ಸು ಬದಲಿಸಬಹುದು, ಕಂಪನಿಯ ಲಾಭ ಇಳಿಯಬಹುದು. ಅದು ಅವರ ಹಕ್ಕು. ಮೊಟ್ಟೆಯ ಒಪ್ಪಂದ ಮೂರು ವರ್ಷದ್ದು. ಅದು ಶುರುವಾದಾಗ ಒಂದನೇ ತರಗತಿಗೆ ಸೇರಿದ ಮಗು ಹತ್ತನೆಯದನ್ನು ದಾಟಲು ಹತ್ತು ವರ್ಷ ಬೇಕು. ಉಳಿದ ಆ ಏಳು ವರ್ಷದ ಲೆಕ್ಕ ಬರೆಯಬೇಕಾದದ್ದು ಗೇಟಿನ ಕಮಾನಿನ ಮೇಲೆ ಹೆಸರಿರುವವರು.