ಸ್ತನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ಬದುಕು

"ಜೀವ ಉಳಿಯಿತಲ್ಲ, ಇನ್ನೇನು ಬೇಕು?" ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಮಹಿಳೆಯರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತಿದು. ಜೀವ ಉಳಿಯುವುದು ದೊಡ್ಡದೇ. ಆದರೆ ಆ ಬಳಿಕ ಬದುಕು ಹೇಗಿರುತ್ತದೆ ಎಂಬುದೂ ವೈದ್ಯವಿಜ್ಞಾನದ ಪ್ರಶ್ನೆ. ನನ್ನ ಚಿಕ್ಕಮ್ಮನಿಗೆ ಈ ಕಾಯಿಲೆ ಬಂದ ಮೇಲೆ, ಜೀವಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಹೆಚ್ಚು ತೆಗೆದಷ್ಟೂ ಕ್ಷೇಮ ಎಂಬ ನಂಬಿಕೆ ಬಹುಕಾಲ ಉಳಿಯಿತು. 1970ರ ದಶಕದಲ್ಲಿ ಇಟಲಿಯ ಉಂಬರ್ತೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್ ಇದನ್ನು ಪರೀಕ್ಷೆಗೆ ಒಡ್ಡಿದರು. 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆರಂಭದ ಹಂತದ ಕ್ಯಾನ್ಸರ್‌ನಲ್ಲಿ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ, ಇಡೀ ಸ್ತನವನ್ನೇ ತೆಗೆದರೂ ಬದುಕುಳಿಯುವ ಸಾಧ್ಯತೆ ಒಂದೇ ಎಂದು ಗೊತ್ತಾಯಿತು.

ಹಾಗಾದರೆ ವ್ಯತ್ಯಾಸವೆಲ್ಲಿ? ಗಡ್ಡೆಯನ್ನಷ್ಟೇ ತೆಗೆಸಿಕೊಂಡವರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ಸಾಮಾನ್ಯವಾಗಿ ಕಡಿಮೆ. ಆದರೆ ವಿಕಿರಣ ಚಿಕಿತ್ಸೆಗಾಗಿ ಕೆಲವು ವಾರ ಆಸ್ಪತ್ರೆಗೆ ಓಡಾಡಬೇಕು. ಅದೇ ಸ್ತನದಲ್ಲಿ ಕಾಯಿಲೆ ಮರುಕಳಿಸುವ ಸಣ್ಣ ಸಾಧ್ಯತೆಯೂ ಇರುವುದರಿಂದ ಮ್ಯಾಮೊಗ್ರಾಮ್ ತಪ್ಪಿಸುವಂತಿಲ್ಲ. ಪೂರ್ತಿ ತೆಗೆಸಿಕೊಂಡವರಲ್ಲಿ ಹಲವರಿಗೆ ವಿಕಿರಣ ಬೇಕಾಗುವುದಿಲ್ಲ. ಆದರೆ ಎದೆಯ ಭಾಗ ಮರಗಟ್ಟಿದಂತಿರುತ್ತದೆ, ಕನ್ನಡಿ ನೋಡುವುದೇ ಕಷ್ಟವೆನಿಸಬಹುದು. ಒಳ ಉಡುಪಿನಲ್ಲಿ ಇಟ್ಟುಕೊಳ್ಳುವ ಸಿಲಿಕಾನ್ ಅಥವಾ ಹತ್ತಿಯ ಕೃತಕ ಸ್ತನ ಸರಳ ಪರಿಹಾರ. ಹೊಟ್ಟೆಯ ಚರ್ಮ, ಕೊಬ್ಬಿನಿಂದ ಅಥವಾ ಇಂಪ್ಲಾಂಟ್‌ನಿಂದ ಸ್ತನವನ್ನು ಮರುನಿರ್ಮಿಸಲೂಬಹುದು. ಆಕಾರ ಬಂದರೂ ಮೊದಲಿನ ಸ್ಪರ್ಶಜ್ಞಾನ ಪೂರ್ತಿ ಬರುವುದಿಲ್ಲ. ಇದ್ಯಾವುದೂ ಬೇಡವೆಂದು ನೆಮ್ಮದಿಯಾಗಿರುವವರೂ ಇದ್ದಾರೆ.

ಕೈಯ ತೊಂದರೆಯ ಮೂಲ ಮಾತ್ರ ಬೇರೆ. ಕೈ ಬಾವು ಬರುವುದು ಮುಖ್ಯವಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅಲ್ಲಿಗೆ ವಿಕಿರಣ ಕೊಟ್ಟಾಗ. ದುಗ್ಧರಸ ಹರಿದುಹೋಗಲು ದಾರಿಯಿಲ್ಲದೆ ಕೈಯಲ್ಲೇ ನಿಲ್ಲುತ್ತದೆ. ಈಗ ಬಣ್ಣದ ದ್ರವ ಅಥವಾ ವಿಕಿರಣಶೀಲ ದ್ರವ ಚುಚ್ಚಿ ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ಪರೀಕ್ಷಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಚಿಕ್ಕಮ್ಮನ ಗ್ರಂಥಿಗಳನ್ನು ತೆಗೆಯಲೇಬೇಕಾಯಿತು. ಮೊದಮೊದಲು ತಲೆ ಬಾಚಲು, ನಮಾಝಿನಲ್ಲಿ ಕೈ ಎತ್ತಲು ಆಗುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಮೇಲಕ್ಕೇರಿಸುವ ವ್ಯಾಯಾಮ ಮಾಡುತ್ತಾ ಭುಜ ಸಡಿಲವಾಯಿತು. ಅಡುಗೆಮನೆಯಲ್ಲಿ ಆ ಕೈಗೆ ಸುಟ್ಟಗಾಯ, ಕತ್ತಿಯ ಗಾಯ ಆಗದಂತೆ ಇಂದಿಗೂ ಎಚ್ಚರ ವಹಿಸುತ್ತಾರೆ.

ಸ್ತನವನ್ನೇ ತೆಗೆದುಬಿಡುತ್ತಾರೆ ಎಂಬ ಹೆದರಿಕೆಯಿಂದ ಗಂಟನ್ನು ಮುಚ್ಚಿಡುವವರು ನಮ್ಮ ಸುತ್ತ ಬಹಳ. ಗಡ್ಡೆ ಬೆಳೆದಷ್ಟೂ ಸ್ತನ ಉಳಿಸುವ ಅವಕಾಶ ಕಡಿಮೆಯಾಗುತ್ತದೆ. ಅಂದರೆ, ಯಾವುದಕ್ಕೆ ಹೆದರಿ ಮುಚ್ಚಿಡುತ್ತಾರೋ ಅದನ್ನೇ ಆ ತಡ ತಂದೊಡ್ಡುತ್ತದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೂ ತೋರಿಸಲೇಬೇಕು.

ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ: ಸ್ತನ ಉಳಿಸಬಹುದೇ? ಎಷ್ಟು ಗ್ರಂಥಿ ತೆಗೆಯುತ್ತೀರಿ? ವಿಕಿರಣಕ್ಕೆ ಎಲ್ಲಿಗೆ, ಎಷ್ಟು ದಿನ ಹೋಗಬೇಕು? ಮನೆಯ ಹಿರಿಯರು ನಿರ್ಧರಿಸುವ ಮುನ್ನ ಆ ಹೆಣ್ಣಿಗೆ ಏನು ಬೇಕೆಂದು ಅವಳನ್ನೇ ಕೇಳಲಿ. ಈ ಲೇಖನವನ್ನು ಇಂದು ಮನೆಯಲ್ಲಿ ತಾಯಿಗೆ, ಅಜ್ಜಿಗೆ ಓದಿ ಹೇಳಿ.